ಮಂಡಿಯಿಂದ ಕೆಳಗಿನ ತಯಾರಿ: ಮಲೆನಾಡು ಹತ್ತುವವರಿಗೆ

ಕೊಡಚಾದ್ರಿ 1343 ಮೀಟರ್. ಎತ್ತರದ ಲೆಕ್ಕದಲ್ಲಿ ಅಂಥ ದೊಡ್ಡದೇನಲ್ಲ. ಕಟ್ಟಿನಹೊಳೆ ಕಡೆಯಿಂದ ಜೀಪೇ ಮೇಲೆ ಹೋಗುತ್ತದೆ. ಹಿಡ್ಲುಮನೆ ಅಬ್ಬಿಯ ದಾರಿ ಹಿಡಿದು ನಡೆದೇ ಹತ್ತುವವರು ಸೋಲುವುದು ಉಸಿರಿಗಲ್ಲ, ಕಾಲಿಗೆ. ಅದಕ್ಕೇ ನನ್ನ ತಯಾರಿಯ ಮುಕ್ಕಾಲು ಪಾಲು ಮಂಡಿಯಿಂದ ಕೆಳಗೆ.

ಮೊದಲು ಉಂಬಳದ (ಕಾಡಿನ ಜಿಗಣೆಯ) ಕಾಟ ತಡೆಯುವ ಕಾಲುಚೀಲ. ಹೆಣೆದ ಸಾಕ್ಸ್ ಎಷ್ಟೇ ದಪ್ಪ ಇರಲಿ, ಕಾಲಿಗೆ ಎಳೆದಾಗ ಕಣ್ಣು ಬಿಡುತ್ತದೆ, ದಾರದಂಥ ಮರಿ ಉಂಬಳ ಅಲ್ಲೇ ತೂರುತ್ತದೆ. ಬೇಕಾದ್ದು ಒತ್ತಾಗಿ ನೇಯ್ದ ಕೋರಾ ಬಟ್ಟೆ. ಒಂದು ಜೊತೆಗೆ ಒಂದು ಮೀಟರ್ ಧಾರಾಳ. ಹೊಲಿಯುವ ಮುಂಚೆ ರಾತ್ರಿಯಿಡೀ ನೆನೆಸಿ ಒಣಗಿಸಿ. ಹೊಲಿದ ಮೇಲೆ ಕುಗ್ಗಿದರೆ ಹಿಮ್ಮಡಿಯೇ ದಾಟುವುದಿಲ್ಲ. ನೇಯ್ದ ಬಟ್ಟೆ ಹಿಗ್ಗುವುದಿಲ್ಲವಲ್ಲ, ಹಾಗಾಗಿ ಪ್ಯಾಂಟಿನ ಮೇಲಿಂದ ಮೀನಖಂಡದ ಸುತ್ತಳತೆ, ಹಿಮ್ಮಡಿಯಿಂದ ಪಾದದ ಬೆನ್ನಿಗೆ ಸುತ್ತಿದ ಅಳತೆ, ಎರಡನ್ನೂ ತೆಗೆದು ದೊಡ್ಡದಕ್ಕೆ 4 ಸೆಂ.ಮೀ. ಸೇರಿಸುತ್ತೇನೆ. ಹೊಲಿಗೆ ಅಂಗಾಲಿನಡಿ ಬರಬಾರದು, ಬಂದರೆ ಎರಡೇ ಗಂಟೆಯಲ್ಲಿ ಬೊಬ್ಬೆ. ಪಾದದ ಪಕ್ಕಕ್ಕೆ ತಿರುಗಿಸಿ, ಎರಡು ಸಾಲು ಹಾಕಿ. ಮಂಡಿಯ ಕೆಳಗೆ ಲಾಡಿ. ಪ್ಯಾಂಟು ಇದರ ಒಳಗೆ, ಹೊರಗಲ್ಲ.

ಹೊಗೆಸೊಪ್ಪಿನ ನೀರು ಹಚ್ಚುವ ರೂಢಿ ಇದೆ, ಕೆಲಸವೂ ಮಾಡುತ್ತದೆ. ಆದರೆ ಬಟ್ಟೆಯನ್ನೇ ಅದರಲ್ಲಿ ಅದ್ದಿ ಹಾಕಿಕೊಂಡರೆ ಒದ್ದೆ ಚರ್ಮದ ಮೂಲಕ ನಿಕೋಟಿನ್ ಒಳಗೆ ಇಳಿದು ತಲೆ ಸುತ್ತು, ವಾಂತಿ. ಬೂಟಿನ ಹೊರಮೈಗೆ ಮಾತ್ರ ಹಚ್ಚಿ. ಉಪ್ಪು ಮೊದಲ ಮಳೆಗೇ ತೊಳೆದುಹೋಗುತ್ತದೆ.

ಕಚ್ಚಿತೋ, ಎಳೆಯಬೇಡಿ. ಉಂಬಳಕ್ಕೆ ಎರಡೂ ತುದಿಯಲ್ಲಿ ಹೀರುಬಟ್ಟಲು. ಬಾಯಿ ಇರುವುದು ಸಪೂರ ತುದಿಯಲ್ಲಿ. ಚರ್ಮಕ್ಕೆ ಒತ್ತಿ ಉಗುರನ್ನು ಆ ತುದಿಯಡಿ ಜಾರಿಸಿ, ಆಮೇಲೆ ದಪ್ಪ ತುದಿ ಬಿಡಿಸಿ, ತಕ್ಷಣ ಚಿಮ್ಮಿಬಿಡಿ, ಇಲ್ಲದಿದ್ದರೆ ಬೆರಳಿಗೇ ಅಂಟುತ್ತದೆ. ಬೆಂಕಿ ಕಡ್ಡಿ ತಾಗಿಸಿದರೆ ಕುಡಿದದ್ದನ್ನು ಗಾಯಕ್ಕೇ ಕಾರಬಹುದು. ರಕ್ತ ಹೆಪ್ಪುಗಟ್ಟದ ಹಾಗೆ ಅದು ಹಿರುಡಿನ್‌ನಂಥ ವಸ್ತು ಬಿಟ್ಟಿರುತ್ತದೆ, ಗಂಟೆಗಟ್ಟಲೆ ಒಸರಿದರೂ ಗಾಬರಿ ಬೇಡ. ತೊಳೆದು, ಹತ್ತಿ ಒತ್ತಿ ಕಟ್ಟಿ.

ಮಳೆ ನಿಂತಮೇಲೆ ಆರಾಮ ಅಂದುಕೊಳ್ಳುವವರು ಉಣುಗನ್ನು (ಉಣ್ಣೆ ಹುಳವನ್ನು) ಮರೆತಿರುತ್ತಾರೆ. ಉಂಬಳ ಅಸಹ್ಯ ಅಷ್ಟೆ, ನಿಜವಾಗಿ ಹೆದರಬೇಕಾದ್ದು ಇದಕ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅದೂ ಒಣ ತಿಂಗಳುಗಳಲ್ಲಿ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಮರಿ ಉಣುಗು ಸಾಸಿವೆಗಿಂತ ಚಿಕ್ಕದು. ಅದಕ್ಕೇ ನಾನು ತರಗೆಲೆಯ ಮೇಲೆ ಕೂರುವುದಿಲ್ಲ, ಮಲಗುವುದಂತೂ ಇಲ್ಲವೇ ಇಲ್ಲ. ಹೊರಡುವ ಮುಂಚೆ ಕೈಕಾಲಿಗೆ, ಉಣುಗು ಹತ್ತದ ಹಾಗೆ, ಡೀಪಾ ಎಣ್ಣೆ. ಇಳಿದ ಕೂಡಲೇ ಬಟ್ಟೆ ಬಿಸಿನೀರಿಗೆ, ಸೋಪು ಹಚ್ಚಿ ಸ್ನಾನ, ಕಂಕುಳು, ತೊಡೆಸಂದಿ, ಮಂಡಿಯ ಹಿಂದೆ ತಡವಿ ನೋಡುವುದು. ಮಂಗ ಸತ್ತುಬಿದ್ದದ್ದು ಕಂಡರೆ ಆ ದಾರಿ ಬಿಟ್ಟು, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾರ-ಹತ್ತು ದಿನದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಬೂಟಿನ ವಿಚಾರದಲ್ಲಿ ವಾಟರ್‌ಪ್ರೂಫ್ ಅಂತ ದುಡ್ಡು ಸುರಿಯಬೇಡಿ. ಹಳ್ಳ ದಾಟುವಾಗ ನೀರು ಮೇಲಿಂದ ಒಳಗೆ ಬರುತ್ತದೆ, ಬಂದದ್ದು ಹೊರಗೆ ಹೋಗುವುದಿಲ್ಲ. ಜಾಲರಿ ಮೈ, ಮೆದು ರಬ್ಬರ್ ಅಟ್ಟೆ ಇದ್ದರೆ ಸಾಕು. ವರ್ಷಗಟ್ಟಲೆ ಅಟ್ಟದ ಮೇಲಿಟ್ಟ ಬೂಟಿನ ನಡು ಅಟ್ಟೆ ಪಾಲಿಯುರೆಥೇನ್‌ದಾಗಿದ್ದರೆ, ಹಾಕದೇ ಇದ್ದರೂ ತೇವಕ್ಕೆ ಪುಡಿಯಾಗಿರುತ್ತದೆ. ಎರಡು ದಿನ ಮುಂಚೆ ಕೈಯಲ್ಲಿ ಬಗ್ಗಿಸಿ ನೋಡಿ. ಆದರೂ 2 ಮೀಟರ್ ನೈಲಾನ್ ಹಗ್ಗ ಜೇಬಲ್ಲಿರಲಿ: ಅಟ್ಟೆ ಬಾಯಿಬಿಟ್ಟರೆ ಬೂಟಿನ ಸುತ್ತ ಬಿಗಿದು ಇಳಿಯಬಹುದು. ಪಾಚಿ ಕಟ್ಟಿದ ಬಂಡೆಯಲ್ಲಿ ಮಾತ್ರ ಯಾವ ಅಟ್ಟೆಯೂ ನಿಲ್ಲದು. ಒದ್ದೆ ಬೇರು ಅದಕ್ಕಿಂತ ಕೇಡು.

ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಅದರೊಳಗೆ ಬಟ್ಟೆ. ಒಂದು ಜೊತೆ ಒಣ ಸಾಕ್ಸ್ ಮಲಗುವಾಗ ಹಾಕಲು ಮಾತ್ರ; ಬೆಳಿಗ್ಗೆ ಎಷ್ಟೇ ಬೇಸರವಾದರೂ ಒದ್ದೆಯದನ್ನೇ ಮತ್ತೆ ಹಾಕಬೇಕು. ಅರಣ್ಯ ಇಲಾಖೆಯ ಅನುಮತಿ, ದಾರಿ ತೆರೆದಿದೆಯೇ ಎನ್ನುವುದು ಹೊರಡುವ ಹಿಂದಿನ ದಿನ ಖಾತ್ರಿಯಾಗಲಿ. ಏರಿನಲ್ಲಿ ಗಂಟೆಗೆ 2 ಕಿ.ಮೀ. ಲೆಕ್ಕ ಹಿಡಿದು, ಮಧ್ಯಾಹ್ನ ಎರಡಕ್ಕೆ ಎಲ್ಲಿದ್ದರೂ ಇಳಿಯಲು ತಿರುಗುತ್ತೇನೆ. ಮಂಜು ಕವಿದರೆ ಹುಲ್ಲುಬೋಳಿನ ಮೇಲೆ ಹತ್ತು ಮಾರು ಮುಂದಿನ ದಾರಿ ಕಾಣುವುದಿಲ್ಲ.