ಬ್ಯಾಟರಿ ಬಸ್ಸೋ, ಟ್ರಾಲಿ ಬಸ್ಸೋ? ಮೊದಲು ರೂಟ್ ನೋಡಿ

ಬಸ್ ರೂಟುಗಳ ಲೆಕ್ಕ ಹಾಕುವುದು ನನ್ನ ಕೆಲಸ. ಯಾವ ಬಸ್ ಒಳ್ಳೆಯದು ಅಂತ ಕೇಳಿದವರಿಗೆ, ಯಾವ ರೂಟಿಗೆ ಅಂತ ನಾನೇ ಮೊದಲು ಕೇಳುತ್ತೇನೆ. ಎರಡೂ ಓಡುವುದು ಕರೆಂಟಿನಲ್ಲೇ. ಬ್ಯಾಟರಿ ಬಸ್ಸು ಅದನ್ನು ಹೊತ್ತುಕೊಂಡು ಓಡುತ್ತದೆ, ಟ್ರಾಲಿ ಬಸ್ಸು ತಲೆ ಮೇಲಿನ ಎರಡು ತಂತಿಗಳಿಂದ ಪಡೆಯುತ್ತದೆ, ಅಷ್ಟೇ.

ಒಂದು ಬಸ್ಸು ಬೆಳಗಿನಿಂದ ರಾತ್ರಿ ತನಕ ಎಷ್ಟು ಓಡುತ್ತದೆ ಬರೆದುಕೊಳ್ಳಿ. ಡಿಪೋದಿಂದ ಖಾಲಿ ಬರುವ ದೂರವನ್ನೂ ಸೇರಿಸಿ. 220 ಕಿ.ಮೀ. ಬಂತು ಅಂದುಕೊಳ್ಳೋಣ. 12 ಮೀಟರ್ ಬಸ್ಸಿಗೆ ಕಿಲೋಮೀಟರಿಗೆ 1.2 ಯೂನಿಟ್ ಹಿಡಿದರೆ 264 ಯೂನಿಟ್ ಬೇಕು. ಆದರೆ ಶೇ. 20ರಷ್ಟು ಚಾರ್ಜ್ ಉಳಿಸಿಕೊಳ್ಳಬೇಕು. ಹಳೆಯ ಬ್ಯಾಟರಿ ಮೊದಲಿನ ಶೇ. 80ರಷ್ಟೇ ಹಿಡಿಯುತ್ತದೆ ಅಂತಲೂ ಇಟ್ಟುಕೊಳ್ಳಿ. ಆಗ ಹೊಸದರಲ್ಲೇ ಸುಮಾರು 412 ಯೂನಿಟ್ಟಿನ ಬ್ಯಾಟರಿ ಬೇಕು. ಅದರ ಭಾರವೇ ಎರಡು ಟನ್‌ಗಿಂತ ಜಾಸ್ತಿ.

ನನ್ನ ಮೊದಲ ಲೆಕ್ಕದಲ್ಲಿ ಎಸಿ ಬಿಟ್ಟುಹೋಗಿತ್ತು. ಬೇಸಿಗೆಯಲ್ಲಿ ಬಸ್ಸು ಮಧ್ಯಾಹ್ನವೇ ಚಾರ್ಜಿಗೆ ವಾಪಸ್ ಹೋಯಿತು. ಆ ಟ್ರಿಪ್ಪಿಗೆ ಕಾದವರು ಬಿಸಿಲಲ್ಲೇ ನಿಂತರು. ಈಗ ತೀರಾ ಸೆಕೆಯ ದಿನಕ್ಕೆ, ತೀರಾ ಚಳಿಯ ದಿನಕ್ಕೆ ಬೇರೆ ಬೇರೆ ಲೆಕ್ಕ ಹಾಕುತ್ತೇನೆ.

ಡಿಪೋವನ್ನೂ ನೋಡಿ. ಇಂಥ 50 ಬಸ್ಸುಗಳನ್ನು ರಾತ್ರಿ 6 ತಾಸಿನಲ್ಲಿ ತುಂಬಿಸಲು 2,200 ಕಿಲೋವ್ಯಾಟ್ ಬೇಕು. ಅಲ್ಲಿನ ಲೈನು ತಡೆಯುತ್ತದಾ ಅಂತ ಬಸ್ ಕೊಳ್ಳುವ ಮುಂಚೆಯೇ ವಿಚಾರಿಸಿ.

ಈಗ ರಸ್ತೆ ಬದಿ ಒಂದು ಗಂಟೆ ನಿಂತು ಬಸ್ಸುಗಳನ್ನು ಎಣಿಸಿ. ಅರ್ಧ ಗಂಟೆಗೊಂದು ಬಸ್ ಬರುವ ಕಡೆ ತಂತಿ ಎಳೆಯುವುದು ಸುಮ್ನೆ ದಂಡ. ಮೂರ್ನಾಲ್ಕು ರೂಟು ಒಂದೇ ರಸ್ತೆಯಲ್ಲಿ ಸೇರಿ ನಾಲ್ಕು ನಿಮಿಷಕ್ಕೊಂದು ಬಸ್ ಬರುತ್ತಿದ್ದರೆ ತಂತಿಗೆ ಕೆಲಸವಿದೆ. ಕಡಿದಾದ ಏರಿದ್ದರೆ ಇನ್ನೂ ಒಳ್ಳೆಯದು. ಇಳಿಯುವ ಬಸ್ಸು ಬ್ರೇಕಿನಲ್ಲಿ ಹುಟ್ಟಿಸಿದ ಕರೆಂಟನ್ನು ಅದೇ ತಂತಿಯಿಂದ ಹತ್ತುವ ಬಸ್ಸಿಗೆ ಕೊಡಬಹುದು. ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೊದ ದಿಬ್ಬಗಳಲ್ಲಿ ಟ್ರಾಲಿ ಬಸ್ಸು ಉಳಿದುಕೊಂಡಿರುವುದು ಸುಮ್ಮನೆ ಅಲ್ಲ.

ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತೇನಿಲ್ಲ. ನನಗೆ ತುಂಬಾ ಇಷ್ಟವಾದದ್ದು ಬ್ಯಾಟರಿ ಇರುವ ಟ್ರಾಲಿ ಬಸ್ಸು. ತಂತಿ ಇರುವ ಕಡೆ ಓಡುತ್ತಲೇ ಚಾರ್ಜ್ ಆಗುತ್ತದೆ, ಇಲ್ಲದ ಕಡೆ ಬ್ಯಾಟರಿಯಲ್ಲಿ ಹೋಗುತ್ತದೆ. ರಸ್ತೆ ಅಗೆದಿದ್ದರೂ ಸುತ್ತು ಹಾಕಿ ದಾಟುತ್ತದೆ. 1972ರಲ್ಲಿ ಟ್ರಾಲಿ ಬಸ್ ನಿಲ್ಲಿಸಿದ್ದ ಪ್ರಾಗ್ ನಗರ 2017ರಲ್ಲಿ ಮತ್ತೆ ಶುರು ಮಾಡಿದಾಗ ತಂತಿ ಎಳೆದದ್ದು ಒಂದು ಏರುರಸ್ತೆಯಲ್ಲಿ.

ನೀವೂ ನಕ್ಷೆಯಲ್ಲಿ ಮೊದಲು ಏರನ್ನು, ಎಲ್ಲ ರೂಟು ಸೇರುವ ರಸ್ತೆಯನ್ನು ಗುರುತು ಮಾಡಿ. ದೊಡ್ಡ ಸರ್ಕಲ್‌ಗಳನ್ನು ಬಿಟ್ಟುಬಿಡಿ. ತಂತಿಗಳು ಕವಲೊಡೆಯುವ ಕಡೆಯೇ ಬಸ್ಸಿನ ಕೋಲು, ಅಂದರೆ ತಂತಿಯಿಂದ ಕರೆಂಟ್ ಪಡೆಯುವ ಮೇಲಿನ ಕೋಲು, ಜಾರುವುದು ಜಾಸ್ತಿ. ಕೋಲು ಏರಿಸುವ ಜಾಗ ಜನ ಹತ್ತಿ ಇಳಿಯುವ ಸ್ಟಾಪಿನಲ್ಲೇ ಇರಲಿ. ಆಗ ಅದಕ್ಕೆಂದೇ ಬಸ್ ನಿಲ್ಲಿಸಬೇಕಾಗಿಲ್ಲ.