2049ನೇ ಚೀಟಿ

ಮಂಡ್ಯದ ಒಂದು ಬೆಲ್ಲದ ಮಂಡಿಗೆ ಟರ್ಬೊ ಸಿ ಎಂಬ ಡಾಸ್ ಕಾಲದ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಬಳಸಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ರೈತರ ಹೆಸರು, ತೂಕ, ದರ, ಕಮಿಷನ್ ಎಲ್ಲ ಸೇರಿ ಒಂದು ಚೀಟಿಗೆ 32 ಬೈಟ್. ಸೀಸನ್ ಜೋರಾದಾಗ ಮಂಡಿಯವರು ಹೇಳಿ ಕಳಿಸಿದರು. “ಸಾರ್, ಮೊದಲ್ನೇ ಚೀಟೀಲಿ ಇವತ್ತು ಬಂದವ್ರ ಹೆಸರೈತೆ, ಬಂದು ನೋಡಿ.”

ಎರಡು ರಾತ್ರಿ ಫೈಲ್ ಓದುವ ಕೋಡ್ ಜಾಲಾಡಿದೆ. ಅಲ್ಲಿ ತಪ್ಪಿರಲಿಲ್ಲ. ಆಮೇಲೆ ಚೀಟಿಗಳನ್ನು ಎಣಿಸಿದೆ. 2048ರವರೆಗೆ ಎಲ್ಲ ಸರಿ. 2049ನೆಯದು ಹೋಗಿ ಮೊದಲನೆಯದರ ಮೇಲೆ ಕೂತಿತ್ತು. 2048 ಸಲ 32 ಅಂದರೆ 65,536. ಸರಿಯಾಗಿ 64 ಕೆಬಿ!

ಇದರ ಮೂಲ 1978ರ 8086 ಚಿಪ್. ಅದರಲ್ಲಿ ರಿಜಿಸ್ಟರ್ (ಲೆಕ್ಕಕ್ಕೆ ಚಿಪ್ ಒಳಗೇ ಇರುವ ಪುಟ್ಟ ಜಾಗ) 16 ಬಿಟ್, ಮೆಮೊರಿ ವಿಳಾಸ ಮಾತ್ರ 20 ಬಿಟ್. ಅದಕ್ಕೇ ವಿಳಾಸವನ್ನು ಎರಡು ಭಾಗ ಮಾಡಿದ್ದರು: ಎಲ್ಲಿಂದ ಶುರು ಅನ್ನುವ ಸೆಗ್ಮೆಂಟ್, ಅಲ್ಲಿಂದ ಎಷ್ಟು ದೂರ ಅನ್ನುವ ಆಫ್‌ಸೆಟ್. ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸಬೇಕು. ಮೆಮೊರಿ ವಿಳಾಸ ಹಿಡಿದಿಡುವುದಕ್ಕೆ ಪಾಯಿಂಟರ್ ಅನ್ನುತ್ತಾರೆ. ನಾನು ಬಳಸಿದ್ದು ಫಾರ್ ಪಾಯಿಂಟರ್. ಅದರಲ್ಲಿ ಎರಡೂ ಇರುತ್ತವೆ, ಆದರೆ ಮುಂದೆ ಸರಿಸಿದರೆ ಆಫ್‌ಸೆಟ್ ಒಂದೇ ಏರುತ್ತದೆ. 65,535 ದಾಟಿದರೆ ಮತ್ತೆ ಸೊನ್ನೆ. ಎರರ್ ಇಲ್ಲ, ಯಂತ್ರ ನಿಲ್ಲುವುದೂ ಇಲ್ಲ. ಒಬ್ಬ ರೈತನ ಲೆಕ್ಕ ಸುಮ್ನೆ ಅಳಿಸಿಹೋಗುತ್ತದೆ. ನನಗೆ ತುಂಬಾ ನೋವಾಗಿದ್ದು ಇದಕ್ಕೇ.

ಇನ್ನೊಂದು ತೊಡಕೂ ಇತ್ತು. ಮೂಲೆ ಮನೆಗೆ ಎರಡು ರಸ್ತೆಯಿಂದಲೂ ವಿಳಾಸ ಹೇಳಬಹುದು, ಅಲ್ವಾ? ಹಾಗೆಯೇ ಬಿ800:0000 ಮತ್ತು ಬಿ000:8000 (ಮೊದಲು ಸೆಗ್ಮೆಂಟ್, ಆಮೇಲೆ ಆಫ್‌ಸೆಟ್, 16ರ ಎಣಿಕೆಯಲ್ಲಿ) ಎರಡೂ ಒಂದೇ ಜಾಗ. ಎರಡು ಫಾರ್ ಪಾಯಿಂಟರ್ ಹೋಲಿಸಿದರೆ ಮಾತ್ರ ಬೇರೆ ಬೇರೆ ಅನ್ನುತ್ತದೆ.

ತಕ್ಷಣಕ್ಕೆ ಫಾರ್ ತೆಗೆದು ಹ್ಯೂಜ್ ಪಾಯಿಂಟರ್ ಹಾಕಿದೆ. ಅದು ಸೆಗ್ಮೆಂಟನ್ನೂ ಸರಿಸುತ್ತದೆ. ಚೀಟಿ ಅಳಿಸುವುದು ನಿಂತಿತು, ಆದರೆ ಪ್ರತಿ ಹೆಜ್ಜೆಗೂ ಲೆಕ್ಕ ಜಾಸ್ತಿ. ದಿನದ ಮೊತ್ತ ಬರಲು ಕಾಯಬೇಕಾಯಿತು.

1997ರಲ್ಲಿ ಮಂಡಿಗೆ 32 ಬಿಟ್ ಚಿಪ್‌ನ 386 ಯಂತ್ರ ಬಂತು. ಟರ್ಬೊ ಸಿ ಬಿಟ್ಟು ಡಿಜೆಜಿಪಿಪಿ ಕಂಪೈಲರ್‌ಗೆ ಬದಲಾಯಿಸಿದೆ. ಭಾಗ ಮಾಡದ 32 ಬಿಟ್‌ನ ಒಂದೇ ನೇರ ವಿಳಾಸ, ಫಾರ್ ಇಲ್ಲ, ಹ್ಯೂಜ್ ಇಲ್ಲ. ಇಡೀ ಸೀಸನ್‌ನ ಚೀಟಿ ಒಂದೇ ಅರೇಯಲ್ಲಿ (ಸಾಲಾಗಿ ಜೋಡಿಸಿದ ಪಟ್ಟಿಯಲ್ಲಿ) ಕೂತಾಗ ಆದ ಖುಷಿ ಈಗಲೂ ನೆನಪಿದೆ.

ಹಳೆಯ ಫೈಲ್ ಮಾತ್ರ ಓದಲಾಗಲಿಲ್ಲ. ಇಂಟ್ ಅನ್ನುವ ಪೂರ್ಣಾಂಕ 2 ಬೈಟ್ ಇದ್ದದ್ದು 4 ಆಗಿತ್ತು. ಎಲ್ಲ ಕಡೆ 2 ಬೈಟ್‌ನ ಶಾರ್ಟ್ ಅಂತ ಬದಲಾಯಿಸಿದೆ. ಪರದೆಗೆ ನೇರವಾಗಿ ಬರೆಯುವ ಕೋಡೂ ಕೆಟ್ಟಿತು. ಪರದೆಯ ಜಾಗ ಇರುವ ಡಾಸ್ ಮೆಮೊರಿ ಬೇರೆ ಸೆಗ್ಮೆಂಟ್‌ನಲ್ಲಿತ್ತು, ಅದಕ್ಕೆ ಬೇರೆ ಸೆಲೆಕ್ಟರ್ (ಯಾವ ಸೆಗ್ಮೆಂಟ್ ಅಂತ ತೋರಿಸುವ ಸಂಖ್ಯೆ) ಬೇಕಿತ್ತು. ಆ ಒಂದು ಫಂಕ್ಷನ್‌ನಲ್ಲಿ ಸೆಗ್ಮೆಂಟ್ ಹಾಗೇ ಉಳಿಯಿತು.