ಬೀದಿಯಲ್ಲಿ ನಿಂತ ಗಂಟೆಗಳನ್ನು ಸಂಬಳದ ಲೆಕ್ಕಕ್ಕೆ ತಂದಿದ್ದು

ಹೊಸ ಅಂಗಡಿ ಎಲ್ಲಿ ತೆರೆದರೆ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅಂತ ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ರಿಟೇಲ್ ಲೊಕೇಶನ್ ಅನಲಿಸ್ಟ್ ಅಂತಾರೆ. ಭೂಗೋಳದಲ್ಲಿ ಎಂ.ಎಸ್ಸಿ. ಮುಗಿಸಿ, ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಕಲಿತು, 2016ರಲ್ಲಿ ಬೆಂಗಳೂರಿನ ಒಂದು ದಿನಸಿ ಅಂಗಡಿಗಳ ಕಂಪನಿಗೆ ಸೇರಿದೆ. ಇಂಟರ್‌ವ್ಯೂನಲ್ಲಿ ನಕ್ಷೆ, ಜನಗಣತಿ, ಎಕ್ಸೆಲ್ ಎಲ್ಲ ಕೇಳಿದರು. ವಾರಕ್ಕೆ ಎಷ್ಟು ಹೊತ್ತು ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ ಅಂತ ಅವರು ಹೇಳಲಿಲ್ಲ, ನನಗೂ ಕೇಳಬೇಕು ಅನ್ನಿಸಲಿಲ್ಲ.

ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 4.2 ಲಕ್ಷ ಅಂತಿತ್ತು. ತಿಂಗಳಿಗೆ 35 ಸಾವಿರ ಅಂದುಕೊಂಡು ಮನೆಯಲ್ಲೂ ಹೇಳಿಬಿಟ್ಟಿದ್ದೆ. ಕೈಗೆ ಬಂದದ್ದು ಸುಮಾರು 27 ಸಾವಿರ. ಅದರಲ್ಲಿ ಯಾರೂ ಮೋಸ ಮಾಡಿರಲಿಲ್ಲ, ನನಗೆ ಸಿಟಿಸಿ, ಅಂದರೆ ಕಂಪನಿ ನನಗಾಗಿ ಮಾಡುವ ಒಟ್ಟು ಖರ್ಚಿನ ಲೆಕ್ಕ, ಓದಲು ಬರುತ್ತಿರಲಿಲ್ಲ ಅಷ್ಟೇ. 42 ಸಾವಿರ ವೇರಿಯಬಲ್, ಅದು ವರ್ಷದ ಕೊನೆಗೆ, ಅದೂ ಗುರಿ ಮುಟ್ಟಿದರೆ. ಕಂಪನಿ ಕಟ್ಟುವ ಪಿಎಫ್ ಆ 4.2 ಲಕ್ಷದೊಳಗೇ ಇತ್ತು. ಐದು ವರ್ಷ ಇದ್ದರೆ ಮಾತ್ರ ಸಿಗುವ ಗ್ರಾಚ್ಯುಟಿಯನ್ನೂ ಅದರಲ್ಲೇ ಸೇರಿಸಿದ್ದರು. ಇದೆಲ್ಲ ಆದಮೇಲೆ ನನ್ನ ಪಾಲಿನ ಪಿಎಫ್ ಮತ್ತು 200 ರೂಪಾಯಿ ವೃತ್ತಿ ತೆರಿಗೆ. ಈಗ ಯಾರಾದರೂ ಆಫರ್ ತೋರಿಸಿದರೆ ನಾನು ಮೊದಲು ನೋಡುವುದು ಬೇಸಿಕ್ ಎಷ್ಟು, ವೇರಿಯಬಲ್ ಎಷ್ಟು ಅಂತ. ಒಟ್ಟು ಮೊತ್ತವನ್ನು ಕೊನೆಗೆ ನೋಡುತ್ತೇನೆ.

ಈ ಕೆಲಸ ಆಫೀಸಿನಲ್ಲಿ ಕೂತು ಮುಗಿಯುವಂಥದ್ದಲ್ಲ. ನಮ್ಮ ಹತ್ತಿರ ಇರುವ ಜನಗಣತಿ 2011ರದ್ದು. ಅಂಕಿಅಂಶ ಸಿಗುವುದು ಆಗಿನ ಬಿಬಿಎಂಪಿಯ 198 ವಾರ್ಡ್‌ಗಳ ಲೆಕ್ಕದಲ್ಲಿ. ಮೈಸೂರು ರಸ್ತೆ ಕಡೆಯಿಂದ ಕೆಂಗೇರಿಗೆ ಮೆಟ್ರೋ ಬಂದದ್ದು 2021ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಆ ಕಡೆಯೆಲ್ಲ ಅಪಾರ್ಟ್‌ಮೆಂಟ್‌ಗಳು ಎದ್ದಿದ್ದವು. ಹಳೆಯ ಅಂಕಿ ನಂಬಿ ಕೂತರೆ ಅರ್ಧ ಊರೇ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಬೆಳಗ್ಗೆ ಆರಕ್ಕೆ ನಂದಿನಿ ಬೂತ್ ಹತ್ತಿರ ನಿಲ್ಲುತ್ತಿದ್ದೆ. ಎಷ್ಟು ಕ್ರೇಟ್ ಹಾಲು ಇಳಿಯುತ್ತದೆ, ಅದರಲ್ಲಿ ದುಬಾರಿ ಪ್ಯಾಕೆಟ್ ಎಷ್ಟು ಅಂತ ಬರೆದುಕೊಳ್ಳುತ್ತಿದ್ದೆ. ಆ ಬೀದಿಯಲ್ಲಿ ಎಷ್ಟು ಒಲೆ ಉರಿಯುತ್ತದೆ ಅಂತ ಹಾಲಿನವನಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿರುವುದಿಲ್ಲ. ಸಂಜೆ ಏಳರ ನಂತರ ಅಪಾರ್ಟ್‌ಮೆಂಟ್‌ಗಳಲ್ಲಿ ದೀಪ ಹತ್ತಿದ ಮನೆಗಳನ್ನು ಎಣಿಸುತ್ತಿದ್ದೆ. ಕಟ್ಟಿದ್ದೆಷ್ಟು, ಜನ ಬಂದದ್ದೆಷ್ಟು ಅಂತ ಹಾಗೆ ಗೊತ್ತಾಗುತ್ತಿತ್ತು.

ಇನ್ನು ಫುಟ್‌ಫಾಲ್ ಎಣಿಕೆ, ಅಂದರೆ ಆ ಜಾಗದಲ್ಲಿ ಓಡಾಡುವ ಜನರ ಎಣಿಕೆ. ಒಂದು ವಾರದ ದಿನ, ಒಂದು ಶನಿವಾರ, ಒಂದು ಭಾನುವಾರ. ಸಂಜೆ ಐದೂವರೆಯಿಂದ ರಾತ್ರಿ ಒಂಬತ್ತರವರೆಗಿನ ಹೊತ್ತೇ ಮುಖ್ಯ. ಜನ ಸಾಮಾನು ಕೊಳ್ಳುವುದು ಮನೆಗೆ ಹೋಗುವ ದಾರಿಯಲ್ಲಿ. ಅಂಗಡಿ ರಸ್ತೆಯ ಆ ಬದಿಯಲ್ಲೇ ಇರಬೇಕು. ಮಧ್ಯೆ ಡಿವೈಡರ್ ಇದ್ದು ಹತ್ತಿರದಲ್ಲಿ ತಿರುವು ಇಲ್ಲದಿದ್ದರೆ ಸ್ಕೂಟರಿನವರು ತಿರುಗಿಸಿಕೊಂಡು ಬರುವುದೇ ಇಲ್ಲ. 1960ರ ದಶಕದಲ್ಲಿ ಡೇವಿಡ್ ಹಫ್ ಅನ್ನುವವರು ಕೊಟ್ಟ ಸೂತ್ರ ಒಂದಿದೆ. ಅಂಗಡಿ ಎಷ್ಟು ದೊಡ್ಡದು, ಗಿರಾಕಿ ಎಷ್ಟು ದೂರ ಅನ್ನುವುದರ ಮೇಲೆ ಯಾರು ಯಾವ ಅಂಗಡಿಗೆ ಹೋಗಬಹುದು ಅಂತ ಲೆಕ್ಕ ಹಾಕುವ ಸೂತ್ರ. ಈಗಲೂ ಅದನ್ನೇ ಬಳಸುತ್ತೇವೆ. ಆದರೆ ನಕ್ಷೆಯ ಅರ್ಧ ಕಿಲೋಮೀಟರು ನಡುವೆ ರಿಂಗ್ ರೋಡ್ ಬಂದರೆ ಅರ್ಧ ಕಿಲೋಮೀಟರಾಗಿ ಉಳಿಯುವುದಿಲ್ಲ, ಅಲ್ವಾ? ಅದು ಗೊತ್ತಾಗಬೇಕಾದರೆ ಅಲ್ಲೇ ನಿಂತು ನೋಡಬೇಕು.

ನಿಲ್ಲುವುದು ಹೆಣ್ಣುಮಕ್ಕಳಿಗೆ ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕು. ನಾಲ್ಕು ಗಂಟೆ ಒಂದೇ ಕಡೆ ಪುಸ್ತಕ ಹಿಡಿದು ನಿಂತ ಹುಡುಗಿಯನ್ನು ಜನ ಸುಮ್ನೆ ಬಿಡುವುದಿಲ್ಲ. ಅಂಗಡಿಯವರಿಗೆ ತೆರಿಗೆ ಇಲಾಖೆಯವಳೋ ಅನ್ನುವ ಅನುಮಾನ. ಇನ್ನು ಕೆಲವರು ಬೈಕಿನಲ್ಲಿ ಎರಡು ಮೂರು ಸುತ್ತು ಹಾಕಿ ನೋಡಿಕೊಂಡು ಹೋಗುತ್ತಿದ್ದರು. ಶೌಚಾಲಯ ಇಲ್ಲದ ಕಾರಣ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಎಣಿಕೆಗೆ ಹೋದಾಗ ಬಿಸಿಲು 40 ಡಿಗ್ರಿ ದಾಟಿತ್ತು. ಅಲ್ಲೂ ಹಾಗೇ ಮಾಡಿದೆ. ಮರುದಿನ ಮೂತ್ರದ ಸೋಂಕಾಗಿ, ಜ್ವರ ಬಂದು ಮೂರು ದಿನ ಲಾಡ್ಜಿನಲ್ಲಿ ಮಲಗಿದ್ದೆ. ಆ ಮೂರು ದಿನವನ್ನು ನನ್ನ ರಜೆಯಲ್ಲಿ ಕಳೆದರು.

ಕೋಪ ಬಂತು. ಆದರೆ ಅಳುತ್ತಾ ಹೋಗಿ ಕೇಳಿದರೆ ಏನೂ ಆಗುವುದಿಲ್ಲ ಅಂತ ಗೊತ್ತಿತ್ತು. ಊರಿನ ಓಡಾಟ ಎಣಿಸುವುದು ನನ್ನ ಕಸುಬು. ಅದೇ ಕಸುಬಿನಿಂದ ನನ್ನ ದಿನಗಳನ್ನೂ ಎಣಿಸಲು ಶುರು ಮಾಡಿದೆ. ಮೂರು ತಿಂಗಳು, ಪ್ರತಿದಿನ: ಮನೆ ಬಿಟ್ಟ ಸಮಯ, ಎಣಿಕೆಯ ಜಾಗ, ಮುಗಿದ ಸಮಯ, ಸ್ಕೂಟರಿನ ಕಿಲೋಮೀಟರು, ಆಟೋ ಖರ್ಚು, ಶೌಚಾಲಯ ಇತ್ತೋ ಇಲ್ಲವೋ. ಆ ಮೂರು ತಿಂಗಳಲ್ಲಿ 38 ದಿನ ರಸ್ತೆಯಲ್ಲಿದ್ದೆ. ಅಂಥ ದಿನ ಸರಾಸರಿ ಹನ್ನೊಂದೂವರೆ ಗಂಟೆ ಕೆಲಸ. ಭಾನುವಾರ ದುಡಿದದ್ದು ಒಂಬತ್ತು ಸಲ, ಬದಲಿ ರಜೆ ಸಿಕ್ಕಿದ್ದು ಎರಡು. ಓಡಾಟಕ್ಕೆ ಕಂಪನಿ ಕೊಟ್ಟದ್ದು 4,500 ರೂಪಾಯಿ, ನನಗೆ ಖರ್ಚಾದದ್ದು 9,200.

ಆ ಹಾಳೆ ಹಿಡಿದು ಮ್ಯಾನೇಜರ್ ಹತ್ತಿರ ಹೋದೆ. "ಸಾರ್, ಇದನ್ನು ಒಂದು ಸೈಟ್ ರಿಪೋರ್ಟ್ ಥರ ಓದಿ," ಅಂದೆ. ಅವರು ಪೂರ್ತಿ ಓದಿದರು. "ಇಷ್ಟೊಂದಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲಮ್ಮ," ಅಂದರು. ಎಚ್‌ಆರ್‌ಗೆ ಜೊತೆಯಲ್ಲೇ ಬಂದರು. ಎರಡು ತಿಂಗಳಲ್ಲಿ ಭಾನುವಾರಕ್ಕೆ ಬದಲಿ ರಜೆ, ನಿಜವಾದ ಕಿಲೋಮೀಟರಿನ ಲೆಕ್ಕದಲ್ಲಿ ಹಣ, ರಾತ್ರಿ ಎಂಟರ ನಂತರ ಕ್ಯಾಬ್, ಸಂಜೆಯ ಎಣಿಕೆಗೆ ಇಬ್ಬರು ಹೋಗುವುದು, ಇಷ್ಟು ಆಯಿತು. ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿ ಎಣಿಕೆಯ ಜಾಗ ಗುರುತಿಸುವುದೂ ಫಾರ್ಮಿನಲ್ಲಿ ಸೇರಿತು.

ಓವರ್‌ಟೈಮ್ ಮಾತ್ರ ಆಗಲಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತದೆ, ಹೆಚ್ಚಿನದಕ್ಕೆ ಎರಡರಷ್ಟು ಕೂಲಿ ಅನ್ನುತ್ತದೆ. ನನಗೆ ಸಿಕ್ಕ ಉತ್ತರ: ನೀವು ಎಕ್ಸಿಕ್ಯೂಟಿವ್, ಮ್ಯಾನೇಜ್‌ಮೆಂಟ್ ದರ್ಜೆ, ನಿಮಗೆ ಅದು ಬರಲ್ಲ. ನನ್ನ ಕೈಕೆಳಗೆ ಒಬ್ಬರೂ ಇರಲಿಲ್ಲ. ಒಂದು ದಿನದ ರಜೆ ಕೊಡುವ ಅಧಿಕಾರವೂ ನನಗಿರಲಿಲ್ಲ. ಹುದ್ದೆಯ ಹೆಸರಿನಿಂದ ಯಾರೂ ಮ್ಯಾನೇಜ್‌ಮೆಂಟ್ ಆಗುವುದಿಲ್ಲ ಅಂತ ಆಗಲೂ ವಾದಿಸಿದೆ, ಈಗಲೂ ಅದೇ ನಂಬಿದ್ದೇನೆ.

ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ವೇರಿಯಬಲ್ ವಿಷಯ. ಜಾಗ ಹುಡುಕಿ ಲೀಸ್ ಮಾಡಿಸುವ ಬಿಸಿನೆಸ್ ಡೆವಲಪ್‌ಮೆಂಟ್ ಟೀಮಿಗೆ ಒಂದೊಂದು ಸಹಿಗೂ ಇನ್ಸೆಂಟಿವ್ ಇತ್ತು. ನಮ್ಮ ಗುರಿಯೂ ವರ್ಷಕ್ಕೆ ಎಷ್ಟು ಅಂಗಡಿ ತೆರೆಯಿತು ಅನ್ನುವುದೇ. ಅಂದರೆ, ನಾನು "ಈ ಜಾಗ ಬೇಡ" ಅಂದಷ್ಟೂ ನನ್ನ ದುಡ್ಡೇ ಕಡಿಮೆಯಾಗುತ್ತಿತ್ತು. ಒಂದು ಜಾಗ ಬೇಡ ಅಂತ ಬರೆದುಕೊಟ್ಟಿದ್ದೆ. ಡಿವೈಡರ್ ಅಡ್ಡ ಇತ್ತು, ಜನ ಬೆಳಗ್ಗೆ ಕೆಲಸಕ್ಕೆ ಹೋಗುವ ಬದಿಯಲ್ಲಿತ್ತು. ಆದರೂ ತೆರೆದರು. ಒಂದೂವರೆ ವರ್ಷಕ್ಕೆ ಮುಚ್ಚಿತು. ಮೂರು ವರ್ಷದ ಲಾಕ್‌-ಇನ್, ಅಂದರೆ ಅಷ್ಟು ದಿನ ಲೀಸ್ ಬಿಡುವಂತಿಲ್ಲ ಅನ್ನುವ ಷರತ್ತು ಇದ್ದುದರಿಂದ ಖಾಲಿ ಅಂಗಡಿಗೆ ಬಾಡಿಗೆ ಕಟ್ಟಬೇಕಾಯಿತು. ಮೀಟಿಂಗಿನಲ್ಲಿ "ಅನಾಲಿಸಿಸ್ ಸರಿ ಇರಲಿಲ್ಲ" ಅಂದರು. ನನ್ನ ಟಿಪ್ಪಣಿ ಈಮೇಲಿನಲ್ಲಿತ್ತು, ಅಲ್ಲೇ ತೆರೆದು ತೋರಿಸಿದೆ. ಅದನ್ನೇ ಇಟ್ಟುಕೊಂಡು ಮುಂದಿನ ಅಪ್ರೈಸಲ್‌ನಲ್ಲಿ ಕೇಳಿದೆ: ನನ್ನ ವೇರಿಯಬಲ್ ಅಂಗಡಿಗಳ ಸಂಖ್ಯೆಯ ಮೇಲೆ ಬೇಡ. ನಾನು ಅಂದಾಜು ಮಾಡಿದ ವ್ಯಾಪಾರಕ್ಕೂ ಹನ್ನೆರಡು ತಿಂಗಳ ನಂತರದ ನಿಜವಾದ ವ್ಯಾಪಾರಕ್ಕೂ ಎಷ್ಟು ಅಂತರ ಅನ್ನುವುದರ ಮೇಲೆ ಇರಲಿ. ಒಂದು ವರ್ಷ ತಳ್ಳಿದರು, ಆಮೇಲೆ ಒಪ್ಪಿದರು. ಬೇಡ ಅನ್ನುವ ಧೈರ್ಯಕ್ಕೆ ಬೆಲೆ ಇಲ್ಲದಿದ್ದರೆ ಈ ಕೆಲಸಕ್ಕೇ ಅರ್ಥವಿಲ್ಲ.

2019ರಲ್ಲಿ ಕಂಪನಿ ಬದಲಿಸಿದೆ, ಸಂಬಳ 7.8 ಲಕ್ಷ ಆಯಿತು. ಆ ಜಿಗಿತ ತಂದದ್ದು ನಕ್ಷೆ ಬಿಡಿಸುವ ಕೌಶಲ ಅಲ್ಲ. ನನ್ನ ಅಂದಾಜು ಮತ್ತು ನಿಜವಾದ ವ್ಯಾಪಾರವನ್ನು ಪಕ್ಕಪಕ್ಕ ಇಟ್ಟ ಪಟ್ಟಿ, ಅಂಗಡಿಯ ಹೆಸರು ತೆಗೆದು ಮಾಡಿದ್ದು. ಸೇರುವ ಮುಂಚೆ ಈ ಸಲ ಕೇಳಿದೆ: ತಿಂಗಳಿಗೆ ಎಷ್ಟು ದಿನ ಫೀಲ್ಡ್, ಭಾನುವಾರದ ಲೆಕ್ಕ ಏನು, ಕ್ಯಾಬ್ ಯಾವಾಗಿನಿಂದ. ಉತ್ತರವನ್ನು ಈಮೇಲಿನಲ್ಲಿ ಬರೆಸಿಕೊಂಡೆ.

ಈಗ ನನ್ನ ಜೊತೆ ನಾಲ್ವರು ಇದ್ದಾರೆ. ಈ ವಾರ ಇಬ್ಬರು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಣಿಕೆ ಮಾಡುತ್ತಿದ್ದಾರೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಒಬ್ಬಳು ಫೋನ್ ಮಾಡಿ, "ಅಕ್ಕಾ, ಇನ್ನೊಂದು ಅರ್ಧ ಗಂಟೆ ನಿಲ್ಲಲಾ? ಜನ ಇನ್ನೂ ಬರ್ತಿದ್ದಾರೆ," ಅಂದಳು. "ಬೇಡ, ಕ್ಯಾಬ್ ಹತ್ತಿ ರೂಮಿಗೆ ಹೋಗು. ಒಂಬತ್ತಕ್ಕೆ ಎಣಿಕೆ ಮುಗೀತು ಅಂತ ಬರೆದುಕೋ," ಅಂದೆ.